ಸಣ್ಣ ಬಿಟ್‌ಗಳಿಗೆ ಎಂಥ ಕೈ ಡ್ರಿಲ್?

ಪ್ರಶ್ನೆ: 1:48 ಪ್ರಮಾಣದ ಪ್ಲಾಸ್ಟಿಕ್ ಯುದ್ಧವಿಮಾನ ಮಾದರಿಯ ಫಿರಂಗಿ ನಳಿಗೆಗಳಿಗೆ ತೂತು ಕೊರೆಯಬೇಕಾಗಿದೆ. ಮನೆಯಲ್ಲಿರುವ ವಿದ್ಯುತ್ ಡ್ರಿಲ್ ಅಷ್ಟು ಸಣ್ಣ ಬಿಟ್‌ಗಳನ್ನು ಹಿಡಿಯುವುದಿಲ್ಲ. ಯಾವ ಉಪಕರಣ ಕೊಳ್ಳಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ಹಿಡಿದಿದ್ದರೂ ಪ್ರಯೋಜನವಿರಲಿಲ್ಲ, ಆ ವೇಗದ ಬಿಸಿಗೆ ಮಾದರಿಯ ಪ್ಲಾಸ್ಟಿಕ್ (ಪಾಲಿಸ್ಟೈರೀನ್) ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. 20 ಮಿ.ಮೀ. ಫಿರಂಗಿಯ ಬಾಯಿ ನಿಮ್ಮ ಪ್ರಮಾಣದಲ್ಲಿ ಸುಮಾರು 0.4 ಮಿ.ಮೀ. ಆಗುವುದರಿಂದ, ಬೆರಳುಗಳಲ್ಲೇ ತಿರುಗಿಸುವ ಪುಟ್ಟ ಕೈ ಡ್ರಿಲ್, ಅಂದರೆ ಪಿನ್ ವೈಸ್, ನಿಮಗೆ ತಕ್ಕದ್ದು. ಅದರ ಹಿಂಬದಿಯ ತಲೆ ಸ್ವತಂತ್ರವಾಗಿ ತಿರುಗುವಂತಿರಬೇಕು. ಆಗ ತಲೆಯನ್ನು ಅಂಗೈಗೆ ಆನಿಸಿ, ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಹಿಡಿಯನ್ನು ಹೊರಳಿಸಬಹುದು. ಅದಕ್ಕಿಂತ ಮುಖ್ಯವಾದದ್ದು ಕಾಲೆಟ್, ಅಂದರೆ ಬಿಟ್ಟನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಭಾಗ. ಅಂಗಡಿಯಲ್ಲೇ ಅತಿ ಸಣ್ಣ ಬಿಟ್ ಹಾಕಿ ಬಿಗಿದು, ನಿಧಾನವಾಗಿ ತಿರುಗಿಸುತ್ತಾ ತುದಿಯನ್ನು ಗಮನಿಸಿರಿ: ತುದಿ ಒಂದೇ ಕಡೆ ನಿಲ್ಲದೆ ವೃತ್ತ ಬರೆಯುತ್ತಿದ್ದರೆ, ಹಿಡಿ ಎಷ್ಟೇ ಚೆಂದವಿದ್ದರೂ ಅದು ಬೇಡ.

ಬಿಟ್‌ಗಳಲ್ಲಿ ಹೈಸ್ಪೀಡ್ ಸ್ಟೀಲ್ ಒಳ್ಳೆಯದು. ಸರ್ಕ್ಯೂಟ್ ಬೋರ್ಡ್ ಕೊರೆಯಲು ಬಳಸುವ ಕಾರ್ಬೈಡ್ ಬಿಟ್‌ಗಳು ಹರಿತವಾಗಿದ್ದರೂ, ಕೈ ತುಸು ವಾಲಿದರೆ ಪಟ್ಟನೆ ಮುರಿಯುತ್ತವೆ. ಯಂತ್ರದ ಸ್ಥಿರತೆ ಬೆರಳುಗಳಿಗೆಲ್ಲಿಂದ ಬರಬೇಕು? ಕೊರೆಯುವ ಮೊದಲು ನಳಿಗೆಯ ನಡುಮಧ್ಯದಲ್ಲಿ ಸೂಜಿಯಿಂದ ಚಿಕ್ಕ ಕುಳಿ ಮಾಡಿಕೊಂಡು, ಮೂರು-ನಾಲ್ಕು ಸುತ್ತಿಗೊಮ್ಮೆ ಬಿಟ್ಟನ್ನು ಹೊರತೆಗೆದು ಪುಡಿ ಒರೆಸಿರಿ. 0.4ರ ಬಿಟ್‌ಗಳನ್ನು ಮಾತ್ರ ಒಂದೆರಡು ಹೆಚ್ಚಾಗಿಯೇ ಕೊಂಡಿಡಿರಿ.