ಹತ್ತನೆಯ ಅಂಗಿ ಮತ್ತು ಬೆಂಚಿನ ಎಂಟು ಸ್ಥಾನಗಳು

ಮಾನ್ಯ ಓದುಗರೇ,

ಜೋಹಾನ್ಸ್‌ಬರ್ಗಿನ ಎಲ್ಲಿಸ್ ಪಾರ್ಕಿನಲ್ಲಿ ನ್ಯೂಜಿಲೆಂಡ್ ವಿರುದ್ಧ ನಡೆಯಲಿರುವ ರಗ್ಬಿ ಟೆಸ್ಟ್ ಪಂದ್ಯಕ್ಕೆ ದಕ್ಷಿಣ ಆಫ್ರಿಕಾ ತಂಡ ಹೇಗಿರಬೇಕೆಂದು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದನ್ನು ತಾವು ಸಾಲು ಬಿಡದೆ ಓದಿ, ಒಪ್ಪಿಗೆಯಾಗದ ಕಡೆಯಲ್ಲೆಲ್ಲ ಕಾರಣ ಕೊಟ್ಟು ಬರೆದಿದ್ದೀರಿ. ಅಂಥ ಪತ್ರಕ್ಕೆ ಎರಡು ಸಾಲಿನ ಉತ್ತರ ಸಲ್ಲದು. ಹಾಂಡ್ರೆ ಪೊಲಾರ್ಡ್ ಅವರಿಗೇ ಹತ್ತನೆಯ ಅಂಗಿ, ಅಂದರೆ ಆಟ ನಡೆಸುವ ಫ್ಲೈ-ಹಾಫ್ ಸ್ಥಾನ, ಕೊಡಬೇಕೆಂಬ ನನ್ನ ಸಲಹೆ ಅಂಜುಬುರುಕುತನದ್ದು, ಸಾಶಾ ಫೈನ್‌ಬರ್ಗ್-ಎಂಗೊಮೆಜುಲು ಅವರೇ ಫ್ಲೈ-ಹಾಫ್ ಆಗಿ ಆಟ ಶುರುಮಾಡಬೇಕು ಎಂಬುದು ತಮ್ಮ ಮೊದಲ ವಾದ. ಬದಲಿ ಆಟಗಾರರು ಕೂರುವ ಬೆಂಚಿನಲ್ಲಿ, ಮುಂದೆ ನಿಂತು ಮೈಬಲದಿಂದ ಚೆಂಡಿಗೆ ಸೆಣಸುವ ಫಾರ್ವರ್ಡ್‌ಗಳು ಏಳು ಮಂದಿಯೂ, ಅವರ ಹಿಂದೆ ನಿಂತು ಆಡುವ ಬ್ಯಾಕ್ ಆಟಗಾರ ಒಬ್ಬನೇ ಒಬ್ಬನೂ ಇರಬೇಕು ಎಂಬುದು ಎರಡನೆಯದು. "ಮೊದಲ ಹದಿನೈದು ಮಂದಿ ಸರಿಯಿದ್ದರೆ ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ" ಎಂದು ಪತ್ರ ಮುಗಿಸಿದ್ದೀರಿ.

ಮೊದಲ ವಾದವನ್ನು ಒಪ್ಪುತ್ತೇನೆ. ಕಳೆದ ಸಂಚಿಕೆಯ ನನ್ನ ನಿಲುವನ್ನು ಇಲ್ಲಿ ಬದಲಿಸಿಕೊಳ್ಳುತ್ತಿದ್ದೇನೆ. 2025ರ ಸೆಪ್ಟೆಂಬರಿನಲ್ಲಿ ಡರ್ಬನ್ನಿನಲ್ಲಿ ಅರ್ಜೆಂಟೀನಾವನ್ನು 67–30ರಿಂದ ಮಣಿಸಿದ ದಿನ ಈ ಯುವಕ ಒಬ್ಬರೇ 37 ಅಂಕ ಗಳಿಸಿ, ಒಂದೇ ಟೆಸ್ಟಿನಲ್ಲಿ ಪರ್ಸಿ ಮಾಂಟ್‌ಗೊಮೆರಿ ಗಳಿಸಿದ್ದ 35 ಅಂಕಗಳ ದಾಖಲೆಯನ್ನು ಮುರಿದರು. ಆ 37 ಅಂಕಗಳಿಗಿಂತ ನನ್ನ ಮನಸ್ಸು ಬದಲಿಸಿದ್ದು ತಾವು ಎತ್ತಿ ತೋರಿಸಿದ ಇನ್ನೊಂದು ಪ್ರಸಂಗ. ಅದೇ ತಿಂಗಳು ಆಕ್ಲೆಂಡಿನ ಈಡನ್ ಪಾರ್ಕಿನಲ್ಲಿ ನ್ಯೂಜಿಲೆಂಡಿಗೆ 24–17ರಿಂದ ಸೋತ ತಂಡದಲ್ಲಿ ಕೋಚ್ ರಾಸಿ ಎರಾಸ್ಮಸ್ ಹಲವು ಬದಲಾವಣೆ ಮಾಡಿದರು. ಒಂದು ವಾರದ ನಂತರ ವೆಲಿಂಗ್ಟನ್ನಿನಲ್ಲಿ ಅದೇ ನ್ಯೂಜಿಲೆಂಡನ್ನು 43–10ರಿಂದ ಸೋಲಿಸಿದರು. ನ್ಯೂಜಿಲೆಂಡ್ ತನ್ನ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರದ ಸೋಲನ್ನು ಕಂಡಿರಲಿಲ್ಲ. ಹಳಬರನ್ನು ಕದಲಿಸಿದರೆ ಕಟ್ಟಡವೇ ಕುಸಿಯುತ್ತದೆ ಎಂಬ ಭಯಕ್ಕೆ ಆ ಸಂಜೆಯ ನಂತರ ಆಧಾರ ಉಳಿದಿಲ್ಲ. ಈ ಎರಡೂ ಪಂದ್ಯಗಳನ್ನು ನೋಡಿದ ಮೇಲೂ ನಾನು ಪೊಲಾರ್ಡ್ ಅವರ ಹೆಸರನ್ನೇ ಹಿಡಿದು ಕೂತಿದ್ದೆ ಎಂಬ ತಮ್ಮ ಆಕ್ಷೇಪ ನ್ಯಾಯವಾದದ್ದು.

ಆದರೆ ಎರಡನೆಯ ವಾದವನ್ನು ಮೊದಲನೆಯದರ ಜೊತೆಗೆ ಸೇರಿಸಿ ಒಪ್ಪುವುದು ನನ್ನಿಂದಾಗದು. ಏಳು–ಒಂದರ ಬೆಂಚು ಬೇಕಿದ್ದರೆ ಎಂಬತ್ತು ನಿಮಿಷವೂ ನಿಲ್ಲಬಲ್ಲ, ಗೋಲು ಒದೆಯುವುದರಲ್ಲಿ ಚಂಚಲನಾಗದ ಫ್ಲೈ-ಹಾಫ್ ಬೇಕು. ಚಿಗುರು ಪ್ರತಿಭೆಯನ್ನು ನಂಬಿ ಕಣಕ್ಕಿಳಿಸುವುದಾದರೆ ಅವನ ಹಿಂದೆ ಬೆಂಚಿನಲ್ಲಿ ಇನ್ನೊಬ್ಬ ನಿಜವಾದ ಫ್ಲೈ-ಹಾಫ್ ಇರಬೇಕು. ತಾವು ಎರಡೂ ಕಡೆ ಧೈರ್ಯ ತೋರಿಸಲು ಹೊರಟಿದ್ದೀರಿ. ಬೆಂಚಿನಲ್ಲಿರುವುದು ಎಂಟೇ ಸ್ಥಾನ.

ಆ ಎಂಟರಲ್ಲಿ ಮೂರು ಮೊದಲೇ ಹಂಚಿಹೋಗಿರುತ್ತವೆ. ಎರಡೂ ತಂಡಗಳ ಫಾರ್ವರ್ಡ್‌ಗಳು ಹೆಗಲು ಕೊಟ್ಟು ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್ಮಿನ ಮುಂಚೂಣಿಯಲ್ಲಿ ತರಬೇತಿ ಇಲ್ಲದವರನ್ನು ನಿಲ್ಲಿಸುವುದು ಕುತ್ತಿಗೆಗೆ ಅಪಾಯವಾದ್ದರಿಂದ, ಇಪ್ಪತ್ತಮೂರು ಮಂದಿಯ ತಂಡದಲ್ಲಿ ಆ ಮುಂಚೂಣಿಯ ಎಡ ಪ್ರಾಪ್, ಹುಕರ್, ಬಲ ಪ್ರಾಪ್ ಮೂವರಿಗೂ ಬದಲಿ ಆಟಗಾರರು ಇರಲೇಬೇಕೆಂಬ ನಿಯಮವಿದೆ. ಉಳಿದ ಐದರಲ್ಲೇ ಕೋಚ್‌ಗಳ ಲೆಕ್ಕಾಚಾರವೆಲ್ಲ ನಡೆಯುತ್ತದೆ. ತಾವು ಉದಾಹರಿಸಿದ 2023ರ ಆಗಸ್ಟಿನ ಟ್ವಿಕೆನಮ್ ಪಂದ್ಯದಲ್ಲಿ ಏಳು–ಒಂದರ ಬೆಂಚು ಕಂಡುಬಂದದ್ದು ಬ್ಯಾಕ್ ಆಟಗಾರ ವಿಲ್ಲಿ ಲೆ ರೂ ಕೊನೆಯ ಗಳಿಗೆಯಲ್ಲಿ ಹೊರಗುಳಿದು ಫಾರ್ವರ್ಡ್ ಕ್ವಾಗಾ ಸ್ಮಿತ್ ಒಳಬಂದದ್ದರಿಂದ. ದಕ್ಷಿಣ ಆಫ್ರಿಕಾ 35–7ರಿಂದ ಗೆದ್ದದ್ದು ನಿಜ. ಆದರೆ ನ್ಯೂಜಿಲೆಂಡಿನ ಸ್ಕಾಟ್ ಬ್ಯಾರೆಟ್ ಎರಡು ಹಳದಿ ಕಾರ್ಡ್ ಪಡೆದು ಮೊದಲಾರ್ಧ ಮುಗಿಯುವ ಮೊದಲೇ ಹೊರನಡೆದಿದ್ದರು ಎಂಬುದನ್ನು ತಾವು ಬರೆದಿಲ್ಲ. ಹದಿನಾಲ್ಕು ಮಂದಿಯ ಎದುರಾಳಿಯ ಮೇಲೆ ಬಳಲದ ಏಳು ಫಾರ್ವರ್ಡ್‌ಗಳು ಬಂದೆರಗಿದ ಪಂದ್ಯವನ್ನು ಅಳತೆಗೋಲಾಗಿ ಹಿಡಿಯಲಾಗದು.

ಸರಿಯಾದ ಅಳತೆ ಸಿಗುವುದು ಅದೇ ವರ್ಷದ ವಿಶ್ವಕಪ್ಪಿನಲ್ಲಿ. ಐರ್ಲೆಂಡ್ ಎದುರು ಮಾನಿ ಲಿಬೊಕ್ ಫ್ಲೈ-ಹಾಫ್, ಬೆಂಚು ಏಳು–ಒಂದು. ಗೋಲಿಗೆ ಒದ್ದ ಚೆಂಡುಗಳು ಮತ್ತೆ ಮತ್ತೆ ಗುರಿ ತಪ್ಪುತ್ತಿದ್ದಾಗ, ಆ ಹೊಣೆ ಹೊರಲು ಬೆಂಚಿನಿಂದ ಕರೆಯಲು ಒಬ್ಬ ಫ್ಲೈ-ಹಾಫ್ ಇರಲಿಲ್ಲ. ತಂಡ 13–8ರಿಂದ ಸೋತಿತು. ಇಂಗ್ಲೆಂಡ್ ಎದುರಿನ ಸೆಮಿಫೈನಲಿನಲ್ಲಿ ಲಿಬೊಕ್ ತಡವರಿಸಿದಾಗ ಮೊದಲಾರ್ಧದಲ್ಲೇ ಪೊಲಾರ್ಡ್ ಬಂದರು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅವರು ಒದ್ದ ದೂರದ ಪೆನಾಲ್ಟಿಯಿಂದ 16–15ರ ಗೆಲುವು ದಕ್ಕಿತು. ಒಂದೇ ತಂಡ, ಒಂದೇ ಫ್ಲೈ-ಹಾಫ್, ಸುಮಾರು ಒಂದೇ ಬಗೆಯ ತೊಂದರೆ. ಸೆಮಿಫೈನಲಿನಲ್ಲಿ ಆ ತೊಂದರೆಗೆ ಮದ್ದು ಬೆಂಚಿನಲ್ಲಿತ್ತು, ಐರ್ಲೆಂಡ್ ಎದುರು ಇರಲಿಲ್ಲ.

ಫೈನಲಿನಲ್ಲಿ ಪೊಲಾರ್ಡ್ ಮೊದಲಿನಿಂದಲೇ ಆಡಿದ್ದರಿಂದ ಏಳು–ಒಂದು ಮತ್ತೆ ಸಾಧ್ಯವಾಯಿತು, ಮತ್ತು ನ್ಯೂಜಿಲೆಂಡ್ ವಿರುದ್ಧದ 12–11ರ ಆ ಗೆಲುವಿನ ಹನ್ನೆರಡೂ ಅಂಕ ಅವರ ಕಾಲಿನಿಂದಲೇ ಬಂದವು. ಆದರೆ ಆ ಕಾಲನ್ನು ತಂಡಕ್ಕೆ ತಂದುಕೊಳ್ಳಲು ಕೊಟ್ಟ ಬೆಲೆಯನ್ನೂ ನೋಡಬೇಕು. ಟೂರ್ನಿಯ ನಡುವೆ ಗಾಯಗೊಂಡವರು ಹುಕರ್ ಮಾಲ್ಕಮ್ ಮಾರ್ಕ್ಸ್, ಅವರ ಜಾಗಕ್ಕೆ ಕರೆಸಿಕೊಂಡದ್ದು ಇನ್ನೊಬ್ಬ ಹುಕರ್‌ನನ್ನಲ್ಲ, ಪೊಲಾರ್ಡ್ ಅವರನ್ನು. ಫೈನಲಿನ ಆರಂಭದ ನಿಮಿಷಗಳಲ್ಲೇ ಬೊಂಗಿ ಎಂಬೊನಾಂಬಿ ಗಾಯಗೊಂಡು ಹೊರನಡೆದಾಗ, ಮೂವತ್ತೇಳು ವರ್ಷದ ಡಿಯಾನ್ ಫೌರಿ ಬಹುತೇಕ ಇಡೀ ಪಂದ್ಯ ಹುಕರ್ ಆಗಿ ಆಡಬೇಕಾಯಿತು. ಮೈದಾನದ ಅಂಚಿನಿಂದ ಹುಕರ್ ಚೆಂಡು ಎಸೆಯುವ ಲೈನ್‌ಔಟಿನಲ್ಲಿ ತಂಡ ಪಟ್ಟ ಪಾಡು ತಮಗೂ ನೆನಪಿರಬಹುದು. ಒಂದು ಕಡೆ ಸಾಲ ತೀರಿಸಿದರೆ ಇನ್ನೊಂದು ಕಡೆ ಸಾಲ ಹುಟ್ಟುತ್ತದೆ. ಎಲ್ಲಿಯ ಸಾಲವನ್ನು ತಡೆದುಕೊಳ್ಳಬಲ್ಲೆವು ಎಂದು ಮೊದಲೇ ತಿಳಿದಿರುವುದೇ ಆಯ್ಕೆದಾರನ ಕೆಲಸ.

ಹತ್ತನೆಯ ಸ್ಥಾನದ ಕೊರತೆ ತಡೆದುಕೊಳ್ಳುವಂಥದ್ದಲ್ಲ ಎಂದು ನಾನು ಗಟ್ಟಿಯಾಗಿ ನಂಬಲು ಇನ್ನೂ ಹಳೆಯ ಕಾರಣವೊಂದಿದೆ. 2011ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್ ಗಾಯಗೊಂಡರು, ಬಳಿಕ ಕಾಲಿನ್ ಸ್ಲೇಡ್ ಗಾಯಗೊಂಡರು, ಫೈನಲಿನ ಮೊದಲಾರ್ಧದಲ್ಲೇ ಆರನ್ ಕ್ರುಡನ್ ಕುಸಿದರು. ಬೆಂಚಿನಿಂದ ಎದ್ದುಬಂದ ನಾಲ್ಕನೆಯವರಾದ ಸ್ಟೀಫನ್ ಡೊನಾಲ್ಡ್ ಒದ್ದ ಒಂದು ಪೆನಾಲ್ಟಿಯೇ ಫ್ರಾನ್ಸ್ ಮೇಲಿನ 8–7ರ ಗೆಲುವನ್ನು ನಿರ್ಧರಿಸಿತು. ಅಂದು ಆ ಸ್ಥಾನದಲ್ಲಿ ಇನ್ನೊಬ್ಬ ಫಾರ್ವರ್ಡ್ ಕುಳಿತಿದ್ದರೆ ಏನಾಗುತ್ತಿತ್ತೆಂದು ತಾವೇ ಯೋಚಿಸಿ ನೋಡಿ.

ಇದಕ್ಕೆ ತಾವು ಕೊಡಬಹುದಾದ ಉತ್ತರವನ್ನೂ ಊಹಿಸಬಲ್ಲೆ. ಬ್ಯಾಕ್‌ಗಳ ಸಾಲಿನ ಸೆಂಟರ್ ಆಟಗಾರ ಆಂಡ್ರೆ ಎಸ್ಟರ್‌ಹೈಜನ್ ಅವರನ್ನು 2025ರಲ್ಲಿ ಎರಾಸ್ಮಸ್ ಫಾರ್ವರ್ಡ್‌ಗಳ ಸಾಲಿನಲ್ಲೂ ಆಡಿಸಿರುವುದರಿಂದ, ಏಳು–ಒಂದು ಎಂಬ ಎಣಿಕೆಯೇ ಈಗ ಮೊದಲಿನಷ್ಟು ಬಿಗಿಯಾಗಿ ಉಳಿದಿಲ್ಲ ಎನ್ನಬಹುದು. ಡೇಮಿಯನ್ ವಿಲೆಮ್ಸ ಫುಲ್‌ಬ್ಯಾಕ್, ಸೆಂಟರ್, ಫ್ಲೈ-ಹಾಫ್ ಮೂರೂ ಆಗಬಲ್ಲರು ಎನ್ನಬಹುದು. ಎರಡೂ ಸತ್ಯವೇ, ಓಡುವುದಕ್ಕೂ ಟ್ಯಾಕಲ್ ಮಾಡುವುದಕ್ಕೂ ಪಾಸ್ ಕೊಡುವುದಕ್ಕೂ ಇವರು ಸಾಕು. ಆದರೆ ತಂಡದ ಪರ ಗೋಲು ಒದೆಯುವ ಹೊಣೆಯನ್ನು ಇವರಿಬ್ಬರೂ ನಿಯಮಿತವಾಗಿ ಹೊತ್ತವರಲ್ಲ.

ಎಲ್ಲಿಸ್ ಪಾರ್ಕಿನಲ್ಲಿ ಆ ಹೊಣೆ ಇನ್ನಷ್ಟು ತೂಕದ್ದು. ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುವುದರಿಂದ, ಕರಾವಳಿಯ ಮೈದಾನದಲ್ಲಿ ಮೂಲೆಗೆ ಒದ್ದು ಲೈನ್‌ಔಟ್ ಪಡೆಯುವ ಜಾಗದಿಂದಲೇ ಇಲ್ಲಿ ಮೂರು ಅಂಕಕ್ಕೆ ಕೈಹಾಕಬಹುದು. ಅದೇ ಗಾಳಿಯಲ್ಲಿ ಉಸಿರು ಬೇಗ ಸೋಲುವುದರಿಂದ ಫಾರ್ವರ್ಡ್‌ಗಳ ಬದಲಾವಣೆ ಬೇಕೇ ಬೇಕು ಎಂಬ ತಮ್ಮ ಮಾತಿಗೂ ಬಲವಿದೆ. ಅದಕ್ಕಾಗಿಯೇ ನಾನು ಐದು–ಮೂರಕ್ಕೆ ಹೋಗದೆ ಆರು–ಎರಡಕ್ಕೆ ನಿಲ್ಲುತ್ತೇನೆ: ಆರು ಫಾರ್ವರ್ಡ್‌ಗಳು, ಸ್ಕ್ರಮ್ಮಿನಿಂದ ಚೆಂಡು ಎತ್ತಿಕೊಡುವ ಒಬ್ಬ ಸ್ಕ್ರಮ್-ಹಾಫ್, ಮತ್ತು ಪೊಲಾರ್ಡ್. ಎಲ್ಲರೂ ಗಾಯವಿಲ್ಲದೆ ಸಿಕ್ಕರೆ, ಹತ್ತನೆಯ ಅಂಗಿ ತಾವು ಹೇಳಿದ ಯುವಕನದ್ದು. ಏಳನೆಯ ಫಾರ್ವರ್ಡ್‌ನನ್ನು ಮಾತ್ರ ತಾವು ನನಗೆ ಬಿಟ್ಟುಕೊಡಬೇಕು.

ತಮ್ಮವ,
ಸಂಪಾದಕ