ಕಮ್ಮಾರನಿಗೆ ಹತ್ತನೇ ಲೆವೆಲ್ ಯಾಕೆ?

ನಮಸ್ಕಾರ. ‘ಊರಿನವರಿಗೂ ಕ್ಲಾಸ್ ಬೇಕು’ ಎಂಬ ನಿಮ್ಮ ಲೇಖನ ಓದಿದೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಕತೆ ಕಟ್ಟುವ ರೋಲ್‌ಪ್ಲೇ ಆಟಗಳಲ್ಲಿ, ವೀರರಿಗೆ ಇರುವ ಹಾಗೆ ಕಮ್ಮಾರನಂಥ ಊರಿನವರಿಗೂ ಕ್ಲಾಸ್, ಲೆವೆಲ್ ಇರಬೇಕು ಎಂಬುದು ನಿಮ್ಮ ವಾದ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಐದನೇ ಪುಟ ಇಲ್ಲದಿದ್ದರೆ ಎರಡೇ ಸಾಲು ಬರೆದು ವಾಪಸ್ ಕಳಿಸುತ್ತಿದ್ದೆ.

ಮೊದಲು ಸಣ್ಣಪುಟ್ಟದ್ದು. 1974ರ ಮೊದಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ನಾಲ್ಕು ಕ್ಲಾಸ್ ಇದ್ದವು ಎಂದಿದ್ದೀರಿ. ಇದ್ದದ್ದು ಮೂರೇ: ಹೋರಾಟಗಾರ, ಮಂತ್ರವಾದಿ, ಪೂಜಾರಿಯಂಥ ಕ್ಲೆರಿಕ್. ಕಳ್ಳ ಬಂದದ್ದು 1975ರ ಪುರವಣಿಯಲ್ಲಿ. ಇನ್ನು, ‘ಕ್ಲಾಸ್’ ಅನ್ನು ‘ವರ್ಗ’ ಮಾಡಬೇಡಿ. ಆಟ ಗೊತ್ತಿಲ್ಲದವರು ಇದೇನೋ ಬಡವ-ಬಲ್ಲಿದರ ವಿಷಯ ಅಂದುಕೊಳ್ಳುತ್ತಾರೆ. ಕ್ಲಾಸ್ ಎಂದೇ ಬರೆದು, ಪಾತ್ರ ಏನೇನು ಮಾಡಬಲ್ಲದು ಎಂದು ಹೇಳುವ ಕಟ್ಟು ಅದು ಅಂತ ಒಮ್ಮೆ ವಿವರಿಸಿದರೆ ಸಾಕು. ಮನೆ ಬೆಕ್ಕು ರೈತನನ್ನು ಪರಚಿ ಕೊಲ್ಲುವ ಜೋಕ್ ತೆಗೆಯಿರಿ. ಆಡುವವರೆಲ್ಲ ಕೇಳಿ ಕೇಳಿ ಸಾಕಾಗಿದೆ.

ಈಗ ನಿಮ್ಮ ವಾದ. ಅದೇ ಆಟದ 2000ದ ಮೂರನೇ ಆವೃತ್ತಿ ಕಾಮನರ್, ಎಕ್ಸ್‌ಪರ್ಟ್, ವಾರಿಯರ್, ಅಡೆಪ್ಟ್, ಅರಿಸ್ಟೋಕ್ರ್ಯಾಟ್ ಎಂದು ಐದು ಕ್ಲಾಸ್ ಕೊಟ್ಟು ಜನಸಾಮಾನ್ಯರಿಗೆ ನ್ಯಾಯ ಒದಗಿಸಿತು ಎನ್ನುತ್ತೀರಿ. ಕಸುಬುದಾರರ ಕ್ಲಾಸ್ ಆದ ಎಕ್ಸ್‌ಪರ್ಟ್‌ನಲ್ಲಿ ನೀವು ಹತ್ತನೇ ಲೆವೆಲ್ ಕೊಟ್ಟ ನಿಮ್ಮದೇ ಮುದುಕ ಕಮ್ಮಾರನನ್ನು ಲೆಕ್ಕ ಹಾಕಿ ನೋಡಿದಿರಾ? ಆ ನಿಯಮದಲ್ಲಿ ಕಸುಬು ಹೆಚ್ಚಬೇಕಾದರೆ ಲೆವೆಲ್, ಅಂದರೆ ಪಾತ್ರ ಏರುವ ಮೆಟ್ಟಿಲು, ಹೆಚ್ಚಬೇಕು. ಲೆವೆಲ್ ಹೆಚ್ಚಿದರೆ ಹಿಟ್ ಪಾಯಿಂಟೂ, ಅಂದರೆ ಬೀಳುವ ಮೊದಲು ಎಷ್ಟು ಪೆಟ್ಟು ತಡೆಯಬಲ್ಲ ಎಂಬ ಅಂಕವೂ, ಹೆಚ್ಚುತ್ತವೆ. ಹತ್ತನೇ ಲೆವೆಲ್ಲಿನ ಎಕ್ಸ್‌ಪರ್ಟ್‌ಗೆ ಸರಾಸರಿ 35. ಕಾವಲುಗಾರನ ಉದ್ದ ಕತ್ತಿಗೆ ಎಂಟು ಮುಖದ ದಾಳ, ಒಂದೊಂದು ಏಟಿಗೆ ಅದರಲ್ಲಿ ಬಿದ್ದಷ್ಟು ಪಾಯಿಂಟ್ ಕಳೆಯುತ್ತದೆ. ನಾಲ್ಕೈದು ಏಟು ಬಿದ್ದರೂ ನಿಮ್ಮ ಮುದುಕ ತಿದಿ ಒತ್ತುತ್ತಲೇ ಇರುತ್ತಾನೆ. ಗುರಿಯಿಟ್ಟು ಹೊಡೆಯುವುದರಲ್ಲೂ ಮೊದಲ ಲೆವೆಲ್ಲಿನ ಆ ಕಾವಲುಗಾರನನ್ನು ಮೀರಿಸುತ್ತಾನೆ! ಅಷ್ಟೇ ಅಲ್ಲ, ಆ ಆಟದಲ್ಲಿ ಅನುಭವದ ಅಂಕ ಸಿಗುವುದು ಹೆಚ್ಚಾಗಿ ಕಾದಾಟದಿಂದ. ಹಾಗಾದರೆ ಕುಳ ಬಡಿಯುವ ಮುದುಕ ಯಾರನ್ನು ಹೊಡೆದು ಹತ್ತನೇ ಲೆವೆಲ್ ತಲುಪಿದ? ಇದನ್ನು ನೀವು ಕೇಳಿಕೊಂಡೇ ಇಲ್ಲ.

ಕ್ಲಾಸ್ ಇರುವುದು ದಾಳ ಹಾಕುವವರಿಗೆ, ನನ್ನ ಅಭಿಪ್ರಾಯ ಇಷ್ಟೇ. ವಾರವಾರ ಅದೇ ಪಾತ್ರ ಆಡುವವನಿಗೆ ಬೆಳೆಯುವ ದಾರಿ ಬೇಕು. ಊರಿನವರಿಗೆ ಬೇಕಾದ್ದು ಬೇರೆ. 2014ರ ಐದನೇ ಆವೃತ್ತಿ ಅವರಿಗೆ ಕ್ಲಾಸ್ ಕೊಡದೆ, 4 ಹಿಟ್ ಪಾಯಿಂಟ್, ಕೈಗೊಂದು ದೊಣ್ಣೆ ಕೊಟ್ಟು ಮುಗಿಸಿತು. ಅದನ್ನು ನೀವು ಅವಮಾನ ಎಂದಿದ್ದೀರಿ. ನನಗೇನೋ ಹಾಗನ್ನಿಸಲಿಲ್ಲ.

ನಿಮಗೆ ಬೇಕಾದ ಉದಾಹರಣೆ 1986ರ ‘ವಾರ್‌ಹ್ಯಾಮರ್’ ಎಂಬ ಇನ್ನೊಂದು ರೋಲ್‌ಪ್ಲೇ ಆಟದಲ್ಲಿದೆ. ಅಲ್ಲಿ ಪಾತ್ರಗಳಿಗೆ ಇರುವುದು ಕಸುಬು. ಇಲಿ ಹಿಡಿಯುವವನಾಗಿ ಹುಟ್ಟಿದರೆ ಜೊತೆಗೊಂದು ನಾಯಿ, ಚಿಕ್ಕದು ಆದರೆ ಮಹಾ ಸಿಡುಕಿನದು. ಆ ನಾಯಿ ಒಂದೇ ಸಾಕು, ಅವನ ಬದುಕು ಕಣ್ಣಿಗೆ ಕಟ್ಟುತ್ತದೆ. ಹತ್ತು ಲೆವೆಲ್ ಕೊಟ್ಟರೂ ಅಷ್ಟು ಬರುವುದಿಲ್ಲ, ಅಲ್ವಾ? ಇದರ ಬಗ್ಗೆ ನಿಮ್ಮಲ್ಲಿ ಒಂದಕ್ಷರವೂ ಇಲ್ಲ.

ಈಗ ಐದನೇ ಪುಟ. ನಿಮ್ಮ ಗೆಳೆಯರ ಆಟದಲ್ಲಿ ದೋಣಿ ನಡೆಸುವ ಒಬ್ಬ ಅಜ್ಜಿ ಬರುತ್ತಾಳೆ. ಡ್ರ್ಯಾಗನ್ ಕೊಂದು ಬಂದ ನಾಲ್ವರು ಐವತ್ತು ಚಿನ್ನದ ನಾಣ್ಯ ಇಟ್ಟರೂ, ಕತ್ತಲಾದ ಮೇಲೆ ಹೊಳೆಗೆ ಇಳಿಯಲ್ಲ ಅನ್ನುತ್ತಾಳೆ. ಮಂತ್ರವಾದಿ ಬೆರಳ ತುದಿಯಲ್ಲಿ ಬೆಂಕಿ ತೋರಿಸುತ್ತಾನೆ. ‘ಚಳಿ ಇದೆ, ಒಲೆಗೆ ಹಚ್ಚಪ್ಪಾ’ ಅನ್ನುತ್ತಾಳೆ. ಇಡೀ ಮೇಜು ನಕ್ಕಿತು ಎಂದು ಬರೆದು, ಮುಂದಿನ ಸಾಲಿಗೇ ‘ಆದ್ದರಿಂದ ಆಕೆಗೆ ಮೂರನೇ ಲೆವೆಲ್ ಎಕ್ಸ್‌ಪರ್ಟ್ ಸೂಕ್ತ’ ಎಂದು ಹಾರಿಬಿಟ್ಟಿದ್ದೀರಿ. ಅಯ್ಯೋ! ಅವಳಿಗೆ ಲೆವೆಲ್ ಇಲ್ಲದೆಯೇ ನಾಲ್ವರು ವೀರರು ರಾತ್ರಿಯಿಡೀ ದಡದಲ್ಲಿ ಕೂತರಲ್ಲ, ಅದನ್ನು ಬರೆಯಿರಿ.

ಮೊದಲ ನಾಲ್ಕು ಪುಟ ಬಿಡಿ. ಅಜ್ಜಿಯಿಂದ ಶುರು ಮಾಡಿ, ಕಮ್ಮಾರನ ಲೆಕ್ಕವನ್ನು ನಡುವೆ ತನ್ನಿ, ಎಂಟುನೂರು ಪದದೊಳಗೆ ನಿಲ್ಲಿಸಿ. ಹೊಸದಾಗಿ ಬರೆದು ಕಳಿಸಿದರೆ ಖಂಡಿತ ಓದುತ್ತೇನೆ. ಬೆಳಿಗ್ಗೆ ಅವಳು ಆ ಐವತ್ತು ನಾಣ್ಯ ತಗೊಂಡಳಾ, ಇಲ್ವಾ? ಅದನ್ನೂ ಹೇಳಿ.