ಪರೀಕ್ಷೆಯಲ್ಲಿ ಶೇ 1, ನಿಜದಲ್ಲಿ ಶೇ 5: ನಾಳೆಯ ವಿದ್ಯುತ್ ಬೇಡಿಕೆಯ ಅಂದಾಜು ತಪ್ಪುತ್ತಿರುವುದೆಲ್ಲಿ?

ಮೂರು ವರ್ಷಗಳ ಗಂಟೆವಾರು ಬಳಕೆಯ ಅಂಕಿಗಳಿಂದ ಎಲ್‌ಎಸ್‌ಟಿಎಂ ಮಾದರಿಗೆ (ಹಿಂದಿನ ಅಂಕಿಗಳ ಸರಣಿ ನೋಡಿ ಮುಂದಿನದನ್ನು ಊಹಿಸಲು ಕಲಿಯುವ ಕಂಪ್ಯೂಟರ್ ನರಜಾಲ) ತರಬೇತಿ ಕೊಟ್ಟಿದ್ದೀರಿ. ಪರೀಕ್ಷೆಯಲ್ಲಿ ಸರಾಸರಿ ದೋಷ ಶೇ 1 ಇದ್ದದ್ದು, ನಾಳೆಯ ಬೇಡಿಕೆಯನ್ನು ನಿಜವಾಗಿ ಹೇಳಲು ಹೊರಟಾಗ ಶೇ 5 ಆಯಿತು. ಟ್ರಾನ್ಸ್‌ಫಾರ್ಮರ್ ಎಂಬ ಇನ್ನೊಂದು ಬಗೆಯ ನರಜಾಲದ ಮಾದರಿಗೆ ಬದಲಾಯಿಸಲೇ ಎಂದು ಕೇಳಿದ್ದೀರಿ. (ವಿದ್ಯುತ್ ವಿಭಾಗದವರ ಮುಂದೆ ಆ ಹೆಸರು ಹೇಳಿದರೆ ಅವರು ಕಂಬದ ಕಡೆ ನೋಡುತ್ತಾರೆ, ಅದಿರಲಿ.) ನನ್ನ ಉತ್ತರ: ಬೇಡ. ಎಡವಟ್ಟಾಗಿರುವುದು ಮಾದರಿಯಲ್ಲಲ್ಲ, ಪರೀಕ್ಷೆಯಲ್ಲಿ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಗಂಟೆಗಳನ್ನು ಕಲಸಿ, ಕೈಗೆ ಸಿಕ್ಕ ಐದನೇ ಒಂದು ಭಾಗವನ್ನು ಪರೀಕ್ಷೆಗೆ ಎತ್ತಿಟ್ಟಿದ್ದೆ. ಮಧ್ಯಾಹ್ನ 3 ಮತ್ತು 5 ಗಂಟೆಯ ಅಂಕಿಗಳು ತರಬೇತಿಯಲ್ಲಿದ್ದರೆ 4 ಗಂಟೆಯದನ್ನು ಹೇಳಲು ಬುದ್ಧಿವಂತಿಕೆ ಬೇಕಿಲ್ಲ. ಮೊದಲ ಎರಡು ವರ್ಷ ಕಲಿಸಿ, ಮೂರನೆಯ ವರ್ಷವನ್ನು ದಿನದಿಂದ ದಿನಕ್ಕೆ ಮುಂದುವರಿಯುತ್ತಾ ಪರೀಕ್ಷಿಸಿ.

ಇದನ್ನು ಸರಿಪಡಿಸಿದ ಮೇಲೂ ಉಳಿಯುವ ದೊಡ್ಡ ಮೋಸ ತಾಪಮಾನದ್ದು. ನೀವು ಮಾದರಿಗೆ ಕೊಟ್ಟಿರುವುದು ಆ ದಿನ ನಿಜವಾಗಿ ದಾಖಲಾದ ತಾಪಮಾನ. ಆದರೆ ಇಂದು ಬೆಳಿಗ್ಗೆ ನಾಳೆಯ ಲೆಕ್ಕ ಹಾಕುವಾಗ ನಿಮ್ಮ ಕೈಯಲ್ಲಿರುವುದು ಹವಾಮಾನ ಮುನ್ಸೂಚನೆ ಮಾತ್ರ, ಅದರ ತಪ್ಪುಗಳ ಸಮೇತ. ಆದ್ದರಿಂದ ಅಂದಂದು ಹೊರಟ ಮುನ್ಸೂಚನೆಗಳನ್ನೇ ಕೂಡಿಟ್ಟುಕೊಂಡು ಪರೀಕ್ಷೆಗೆ ಅವನ್ನೇ ಬಳಸಿ. ತಾಪಮಾನ ಮತ್ತು ಬೇಡಿಕೆಯ ನಂಟು ನೇರ ಗೆರೆಯೂ ಅಲ್ಲ: ಚಳಿಗೆ ಹೀಟರ್, ಸೆಕೆಗೆ ಎಸಿ ಇರುವ ಕಡೆ ಅದು ಬಟ್ಟಲಿನಂತೆ ಎರಡೂ ಬದಿಗೆ ಏರುತ್ತದೆ. ಗೋಡೆಗಳು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಸತತ ಮೂರನೆಯ ಬಿಸಿ ದಿನದ ಬೇಡಿಕೆ, ಅಷ್ಟೇ ಡಿಗ್ರಿಯ ಮೊದಲನೆಯ ದಿನಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಹಿಂದಿನ 24 ಮತ್ತು 48 ಗಂಟೆಗಳ ಸರಾಸರಿ ತಾಪಮಾನವನ್ನು ಸೇರಿಸಿದ ದಿನವೇ ನನ್ನ ಬೇಸಿಗೆಯ ಅಂದಾಜುಗಳು ಹತೋಟಿಗೆ ಬಂದವು.

ಆಮೇಲೆ ನಾನು ಹಿಡಿದದ್ದು ಲೈಟ್‌ಜಿಬಿಎಂ: ಹೌದು-ಇಲ್ಲ ಪ್ರಶ್ನೆಗಳ ಕವಲುಗಳಿರುವ ಅನೇಕ ನಿರ್ಧಾರವೃಕ್ಷಗಳನ್ನು ಕೂಡಿಸಿ ಅಂದಾಜು ಮಾಡುವ ಸಾಧನ. ತಿದ್ದುವುದು ಸುಲಭ, ಬೇಗ ಕಲಿಯುತ್ತದೆ. ಒಂದು ಎಚ್ಚರಿಕೆ: ಇಂಥ ನಿರ್ಧಾರವೃಕ್ಷಗಳು ತಾವು ಕಂಡ ಗರಿಷ್ಠ ಬೇಡಿಕೆಯ ಆಚೆಗೆ ಹೋಗಲಾರವು. ವರ್ಷದಿಂದ ವರ್ಷಕ್ಕೆ ಏರುವ ಪಾಲನ್ನು ಸರಳ ರೇಖೀಯ ಮಾದರಿಗೆ ಬಿಟ್ಟು, ಮಿಕ್ಕದ್ದನ್ನು ಮಾತ್ರ ವೃಕ್ಷಗಳಿಗೆ ಕೊಡಿ.

ಮೀಟರನ್ನೂ ಕಣ್ಣುಮುಚ್ಚಿ ನಂಬಬೇಡಿ. ವಿದ್ಯುತ್ ಕಡಿತವಾದ ಗಂಟೆಗಳಲ್ಲಿ ಅದು ತೋರಿಸುವುದು ಜನರಿಗೆ ಸಿಕ್ಕಿದ್ದನ್ನು, ಅವರಿಗೆ ಬೇಕಿದ್ದುದನ್ನಲ್ಲ. ಆ ಗಂಟೆಗಳನ್ನು ಗುರುತಿಸಿ ತರಬೇತಿಯಿಂದ ಕೈಬಿಡಿ. ಚಾವಣಿಯ ಸೌರಫಲಕಗಳು ಹೆಚ್ಚಾದಲ್ಲಿ ಮಧ್ಯಾಹ್ನದ ಬೇಡಿಕೆ ಕುಸಿದಂತೆ ಕಾಣುತ್ತದೆ. ಮೋಡ ಕವಿದ ದಿನ ಅದು ತಟ್ಟನೆ ಮೇಲೇಳುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಒಂದು ಕೆಲಸ: ಕಳೆದ ವಾರದ ಇದೇ ದಿನ, ಇದೇ ಗಂಟೆಯ, ಎಂದರೆ 168 ಗಂಟೆ ಹಿಂದಿನ ಅಂಕಿಯನ್ನೇ ಅಂದಾಜೆಂದು ಇಟ್ಟುಕೊಂಡರೆ ದೋಷ ಎಷ್ಟು ಬರುತ್ತದೆ ನೋಡಿ. ರಜಾದಿನಗಳ ಲೆಕ್ಕವನ್ನು ಬೇರೆ ಮಾಡಿ. ಆ ಎರಡು ಅಂಕಿಗಳನ್ನು ಇಲ್ಲಿ ಬರೆದರೆ ಮುಂದಿನದನ್ನು ಹೇಳುತ್ತೇನೆ.